ಆಳಿನ ಬಾಗ

ಅಳೂವಡಿ ಕರಿಯುವ ವಾಸನೆ ಬಂದರೆ ನನಗೆ ಸಿಟ್ಟು ಬರುತ್ತದೆ. ಎಲೆಗೆ ಕಡಲೆಹಿಟ್ಟು ಬಳಿದು, ಸುರುಳಿ ಸುತ್ತಿ, ಹಬೆಯಲ್ಲಿ ಬೇಯಿಸಿ, ಬಿಲ್ಲೆ ಬಿಲ್ಲೆ ಕತ್ತರಿಸಿ ಕರಿಯುವ ಈ ತಿನಿಸು ನಮ್ಮ ಚಿಕ್ಕೋಡಿ, ನಿಪ್ಪಾಣಿ ಕಡೆ ಎಲ್ಲರ ಮನೆಯಲ್ಲೂ ಆಗುತ್ತದೆ. ಬೇರೆ ಕಡೆಯವರು ಕೆಸು ಅನ್ನುವ ಎಲೆಗೆ ನಾವು ಮರಾಠಿ ಹೆಸರನ್ನೇ ಹಿಡಿದು ಅಳೂ ಅನ್ನುತ್ತೇವೆ. ಮೊನ್ನೆ ಶ್ರಾವಣ ಸೋಮವಾರ ನನ್ನ ಹೆಂಡತಿ ಸುವರ್ಣಾ ಒಂದು ತಾಟು ತುಂಬ ಮಾಡಿ ಮುಂದಿಟ್ಟಳು. ನಾನು ತಾಟು ಆಚೆ ಸರಿಸಿದೆ.

"ಆ ಎಲಿ ನಿಮಗೇನ ಮಾಡೇತ್ರಿ?" ಅಂದಳು. "ಸಿಟ್ಟ ಇದ್ರ ವಾಡೇದವ್ರ ಮ್ಯಾಲ ಇರ್ಲಿ. ಎಲಿ ಮ್ಯಾಲ ಯಾಕ?"

ಅವಳ ಮಾತು ಖರೆ. ಎಲೆಯದೇನೂ ತಪ್ಪಿಲ್ಲ. ತಪ್ಪು ಒಂದು ಅಕ್ಷರದ್ದು, ಮತ್ತು ಆ ಅಕ್ಷರವನ್ನು ಹಿಡಿದು ಕುಳಿತ ಮನುಷ್ಯರದ್ದು. ಅದರಲ್ಲಿ ನಾನೂ ಒಬ್ಬ. ಅದಕ್ಕೇ ಇರಬೇಕು, ನಾಲ್ಕು ವರ್ಷವಾದರೂ ಆ ಚಳಿಗಾಲ ನನ್ನ ಗಂಟಲಿನಿಂದ ಕೆಳಗಿಳಿದಿಲ್ಲ.

ನಾನು ಬೋರ್ಡು ಬರೆಯುವವ. ಚಿಕ್ಕೋಡಿ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ನನ್ನದೊಂದು ಖೋಲಿ ಇದೆ. ಫ್ಲೆಕ್ಸ್ ಬಂದ ಮೇಲೆ ನನ್ನ ಜೊತೆಯ ಪೇಂಟರುಗಳೆಲ್ಲ ಕುಂಚ ತೊಳೆದಿಟ್ಟರು. ಒಬ್ಬ ಟಂಟಂ ಆಟೊ ಹೊಡೆಯುತ್ತಾನೆ, ಇನ್ನೊಬ್ಬ ಸಕ್ಕರೆ ಫ್ಯಾಕ್ಟರಿ ಸೇರಿದ. ನಾನು ಬಿಡಲಿಲ್ಲ. ಯಾಕೆ ಬಿಡಬೇಕು? ಮಷೀನು ಬರೆದ ಅಕ್ಷರ ಎರಡು ಬೇಸಿಗೆಗೆ ಬಿಳಿಚಿಕೊಳ್ಳುತ್ತದೆ. ನಾನು ಬರೆದದ್ದು ಅಂಗಡಿಯ ಮಾಲಕ ಸತ್ತ ಮೇಲೂ ಗೋಡೆಯ ಮೇಲಿರುತ್ತದೆ. ಕನ್ನಡ, ಮರಾಠಿ ಎರಡನ್ನೂ ಒಂದೇ ಕೈಯಿಂದ ಬರೆಯುತ್ತೇನೆ. ನಮ್ಮ ಕಡೆ ಎರಡೂ ಗೊತ್ತಿಲ್ಲದವನಿಗೆ ಬೋರ್ಡಿನ ಕೆಲಸವೇ ಇಲ್ಲ.

ನಮ್ಮ ಮೂಲ ಊರು ಕರೋಶಿಯ ಆಚೆ. ಹೆಸರು ಬರೆಯುವುದಿಲ್ಲ, ಬರೆದರೆ ನಾಳೆ ಇನ್ನೊಂದು ಜಗಳ. ಊರ ತಲೆಗೆ ಒಂದು ಹಳೆಯ ವಾಡೆ, ಜಮೀನುದಾರರ ದೊಡ್ಡ ಮನೆ, ಇದೆ. ಸಾಗವಾನಿ ಕಂಬ, ಕಲ್ಲಿನ ಚೌಕ, ಮೂರು ಆಳೆತ್ತರದ ಬಾಗಿಲು. ವಾಡೆಯ ಹಿಂದೆ ಮೂರು ಬಾಗ, ಅಂದರೆ ಹೂದೋಟ, ಇದ್ದವು. ಮಳಿ ಬಾಗದಲ್ಲಿ ಗುಲಬಾಕ್ಷಿ, ಚಳಿ ಬಾಗದಲ್ಲಿ ಶೇವಂತಿ, ಬ್ಯಾಸಗಿ ಬಾಗದಲ್ಲಿ ಮಲ್ಲಿಗೆ. ಒಂದು ಮುಗಿಯುವಷ್ಟರಲ್ಲಿ ಇನ್ನೊಂದು ಅರಳಬೇಕು, ವಾಡೆಯ ದೇವರಿಗೆ ವರ್ಷದಲ್ಲಿ ಒಂದು ದಿನವೂ ಹೂ ತಪ್ಪಬಾರದು ಎಂಬುದು ಕಟ್ಟಳೆ. ಆ ಕಟ್ಟಳೆಯನ್ನು ನಡೆಸಿದವರು ದೇವರೂ ಅಲ್ಲ, ವಾಡೆಯವರೂ ಅಲ್ಲ. ಆರು ಮನೆಯ ಹೆಂಗಸರು. ಅವರಲ್ಲಿ ನಮ್ಮವ್ವ ಗೌರವ್ವ ಒಬ್ಬಳು.

ಹಿಂದಿನ ಬಾಗಿಲಿನ ಹತ್ತಿರ, ಮೂಲೆಯಲ್ಲಿ, ನಾಲ್ಕನೆಯದೊಂದು ತುಂಡು ಜಾಗವಿತ್ತು. ಅದು ಆ ಆರು ಹೆಂಗಸರದ್ದು. ಚೆಂಡು ಹೂ, ಹಕ್ಕರಕಿ ಸೊಪ್ಪು, ಮೆಂತೆ, ಒಂದಿಷ್ಟು ಉಳ್ಳಾಗಡ್ಡಿ ಹಾಕಿಕೊಳ್ಳುತ್ತಿದ್ದರು. ಅಲ್ಲಿ ಬೆಳೆದದ್ದಕ್ಕೆ ವಾಡೆಯವರು ಕೈ ಹಚ್ಚುವಂತಿರಲಿಲ್ಲ. ಊರೆಲ್ಲ ಅದಕ್ಕೆ ಆಳಿನ ಬಾಗ ಅನ್ನುತ್ತಿತ್ತು. ಅವ್ವ ಅಲ್ಲಿಂದ ತಂದ ಹಕ್ಕರಕಿಯನ್ನು ರೊಟ್ಟಿಯಲ್ಲಿ ಸುತ್ತಿ ತಿಂದು ನಾನು ಬೆಳೆದೆ. ಆಮೇಲೆ ಬಾವಿ ಬತ್ತಿತು, ವಾಡೆಯವರು ಕೊಲ್ಲಾಪುರಕ್ಕೆ ಹೋದರು, ಬಾಗಿಲಿಗೆ ಕೀಲಿ ಬಿತ್ತು, ನಾಲ್ಕೂ ಬಾಗದಲ್ಲಿ ಜಾಲಿ ಎದ್ದಿತು.

ಆ ವರ್ಷ ದಸರೆ ಮುಗಿದ ಮೇಲೂ ಮಳೆ ಎರಡು ಸಲ ಬಂದು ಹೋಯಿತು. ಕಬ್ಬಿನ ಗಾಡಿಗಳು ಇನ್ನೂ ಹೊರಟಿರಲಿಲ್ಲ. ಅಂಥ ಒಂದು ದಿನ ವಾಡೆಯಿಂದ ನನಗೆ ಫೋನು ಬಂತು. ವಾಡೆಯ ಸೊಸೆ ಊರಿಗೆ ಮರಳಿದ್ದಾರೆ, ವಾಡೆಯನ್ನು ಬಾಗಸಹಿತ ರಿಪೇರಿ ಮಾಡಿಸಿ ನೋಡುವ ಜನಕ್ಕೆ ತೆರೆಯುತ್ತಾರೆ, ಬೋರ್ಡು ಬರೆಯಲು ಪೇಂಟರ್ ಬೇಕು. ನಾವು ಅವರಿಗೆ ವೈನಿಸಾಹೇಬ ಅನ್ನುವುದು. ಕೊಲ್ಲಾಪುರದ ಮಗಳು, ಪುಣೆಯಲ್ಲಿ ಓದಿದವರು, ಮನೆಮಾತು ಮರಾಠಿ. ಕೆಟ್ಟವರಲ್ಲ. ಬಿಸಿಲಿನಲ್ಲಿ ಗೋಡೆ ಕಟ್ಟುವ ಗವಂಡಿಗಳ ಜೊತೆ ತಾವೇ ನಿಲ್ಲುತ್ತಿದ್ದರು, ನೋಡಿದರೆ ಗೌರವ ಬರುತ್ತಿತ್ತು.

"ಪೇಂಟರ್, ಫ್ಲೆಕ್ಸ್ ನಕೋ," ಅಂದರು. "ಜುನ್ಯಾ, ಹಳೇ ಕಾಲದ ಹಂಗ ಕೈಲೆ ಬರದದ್ದ ಬೇಕು. ತಗಡಿನ ಮ್ಯಾಲ. ಕನ್ನಡ, ಮರಾಠಿ, ಇಂಗ್ಲಿಷ್."

ನನಗೆ ಎರಡು ಗೇಣು ಎತ್ತರ ಆದಂತಾಯಿತು. ಅವ್ವ ಊರಲ್ಲಿ ನನ್ನ ತಮ್ಮನ ಮನೆಯಲ್ಲಿರುತ್ತಾಳೆ. ಅದೇ ಮನೆಯ ಅಂಗಳದಲ್ಲಿ ತಗಡು ಹಾಸಿಕೊಂಡೆ. ಮುಂಜಾನೆ ಮಂಜು ಬೀಳುತ್ತಿತ್ತು. ಮಂಜಿನ ಪಸೆ ಆರುವ ತನಕ ಬಣ್ಣ ತಗಡಿಗೆ ಹತ್ತುವುದಿಲ್ಲ, ಒಂಬತ್ತರ ಬಿಸಿಲಿಗೆ ಕಾಯಬೇಕು. ನೂಲಿಗೆ ಸುಣ್ಣ ಹಚ್ಚಿ ಗೆರೆ ಹೊಡೆದು, ವೈನಿಸಾಹೇಬರು ಕೊಟ್ಟ ಪಟ್ಟಿ ನೋಡಿಕೊಂಡು ಬರೆಯತೊಡಗಿದೆ. ಮೂರು ಆಳೆತ್ತರದ ಮಹಾದ್ವಾರ. ಮಳೆಗಾಲದ ತೋಟ. ಚಳಿಗಾಲದ ತೋಟ. ಬೇಸಿಗೆಯ ತೋಟ. ಕೆಸುವಿನ ತೋಟ.

ಕೆಸು ಅನ್ನುವುದು ನಮ್ಮ ಕಡೆಯ ಮಾತೇ ಅಲ್ಲ. ಕಂಪ್ಯೂಟರಿನಲ್ಲಿ ಯಾರೋ ಕನ್ನಡ ಮಾಡಿ ಕೊಟ್ಟಿದ್ದರು. ಮರಾಠಿ ಸಾಲು ನೋಡಿದೆ: ಅಳವಾಚಿ ಬಾಗ. ಅಂದರೆ ಅಳೂ ಎಲೆಯ ತೋಟ. ಎಲ್ಲಿದೆ ಇದು ಎಂದು ನಕ್ಷೆ ನೋಡಿದರೆ, ಹಿಂದಿನ ಬಾಗಿಲಿನ ಮೂಲೆ. ಆಳಿನ ಬಾಗ! ನನಗೆ ಆಗಲೇ ತಿಳಿಯಿತು. ವಾಡೆಯ ವ್ಯವಹಾರ ನೋಡುತ್ತಿದ್ದ ಹಳೆಯ ಕಾರಭಾರಿ ಮರಾಠಿಯವನು. ಯಾವ ಬಾಗದಲ್ಲಿ ಯಾವ ತಿಂಗಳು ಏನು ಹಚ್ಚಬೇಕೆಂದು ಒಂದು ವಹಿಯಲ್ಲಿ ಬರೆದಿಟ್ಟಿದ್ದ. ನಮ್ಮ ಜನ ಆಳು ಅಂದದ್ದನ್ನು ಕೇಳಿ ಹಾಗೆಯೇ ಆಳೂಚಿ ಬಾಗ ಅಂತ ಮರಾಠಿಯಲ್ಲಿ ಇಳಿಸಿರಬೇಕು. ದುಡಿಯುವ ಮನುಷ್ಯ ಪುಣೆಯಲ್ಲಿ ಓದಿದವರ ಕಣ್ಣಿಗೆ ಎಲೆಯಾಗಿದ್ದಾನೆ.

ತಿಳಿದೂ ನಾನು ಏನು ಮಾಡಿದೆ? ಬರೆದೆ. ಕೆಸುವಿನ ತೋಟ. ದುಂಡಗೆ, ಚಂದಾಗಿ, ನೆರಳು ಕೊಟ್ಟು ಬರೆದೆ. ಯಾವ ಹೆಸರಾದರೇನು, ನಮ್ಮದೇನು ಹೋಗುತ್ತದೆ ಅಂದುಕೊಂಡೆ. ಇದನ್ನು ಮುಚ್ಚಿಟ್ಟು ಈಗ ಶೂರನ ಹಾಗೆ ಹೇಳಿಕೊಳ್ಳಲು ನನಗೆ ಮನಸ್ಸಿಲ್ಲ.

ಸಂಜೆ ಅವ್ವ ಹಲ್ಲಿಗೆ ಮಿಸರಿ, ಸುಟ್ಟ ತಂಬಾಕಿನ ಪುಡಿ, ತಿಕ್ಕುತ್ತ ಬಂದು ತಗಡುಗಳ ಮುಂದೆ ಕುಳಿತಳು. ಅವಳಿಗೆ ಓದು ಬರುವುದಿಲ್ಲ. ನಾನು ಬರೆದದ್ದನ್ನೆಲ್ಲ ಓದಿಸಿ ಕೇಳುವುದು ಅವಳ ಚಾಳಿ. ಮಳೆಗಾಲ, ಚಳಿಗಾಲ, ಬೇಸಿಗೆ ಕೇಳಿ ತಲೆ ಆಡಿಸಿದಳು.

"ಇದು?"

"ಕೆಸುವಿನ ತೋಟ."

"ಹಂಗಂದ್ರ?"

"ಅಳೂ ಬೇ ಯವ್ವಾ. ಅಳೂದ ಬಾಗ."

"ಅಳೂ ಎಲ್ಲಿ ಇತ್ತಲೇ ವಾಡೇದಾಗ?"

"ಹಿಂದಿನ ಬಾಗಲ ಮೂಲ್ಯಾಗ."

ಅವ್ವ ನಗತೊಡಗಿದಳು. ಬಾಯಲ್ಲಿದ್ದ ಮಿಸರಿ ಸೀರೆಯ ಮೇಲೆ ಸಿಡಿಯಿತು. ನಕ್ಕು ನಕ್ಕು ಕಣ್ಣೊರೆಸಿಕೊಂಡವಳು ತಟ್ಟನೆ ನಗು ನಿಲ್ಲಿಸಿದಳು.

"ಅದು ಆಳಿನ ಬಾಗ."

"ಗೊತ್ತೈತಿ ನನಗ."

"ಗೊತ್ತಿದ್ದು ಬರದ್ಯಾ? ನಿನ್ನ ಕೈಲೆ ಬರದ್ಯಾ?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಬೈಯಲಿಲ್ಲ. ನನ್ನ ಬಲಗೈಯನ್ನು ನೋಡಿದಳು. ಬಣ್ಣದ ಕೈಯನ್ನು ನಾನು ಹಿಂದೆ ಸರಿಸಿಕೊಂಡೆ.

ಆ ಕೈಗೆ ಇನ್ನೂ ಒಂದು ಹಳೆಯ ಪಾಪವಿತ್ತು. ಹೈಸ್ಕೂಲು ಸೇರುವಾಗ ಫಾರ್ಮಿನಲ್ಲಿ ತಾಯಿಯ ಉದ್ಯೋಗ ಎಂಬಲ್ಲಿ ನಾನು ಗೃಹಿಣಿ ಅಂತ ಬರೆದಿದ್ದೆ. ವಾಡೆಯ ಆಳು ಅಂತ ಬರೆಯಲು ನಾಚಿಕೆ. ಮುಂದೆ ಎಷ್ಟು ಶಾಲೆಯ ಗೋಡೆಗಳ ಮೇಲೆ 'ಆಳಾಗಿ ದುಡಿ, ಅರಸಾಗಿ ಉಣ್ಣು' ಅಂತ ಇದೇ ಕೈಯಿಂದ ಬರೆದೆನೋ ಲೆಕ್ಕವಿಲ್ಲ. ಗಾದೆಯೊಳಗಿನ ಆಳು ನಡೆಯುತ್ತಾನೆ, ಮನೆಯೊಳಗಿನ ಆಳು ನಡೆಯುವುದಿಲ್ಲ. ನನಗೆ ಅಂದು ನನ್ನ ಮೇಲೆಯೇ ಅಸಹ್ಯವಾಯಿತು.

ಆಮೇಲೆ ಅವ್ವ ಒಂದು ಸಂಗತಿ ಹೇಳಿದಳು. ಅದನ್ನು ನಾನು ಆ ತನಕ ಕೇಳಿರಲಿಲ್ಲ.

"ದೀಪಾವಳಿ ಲಕ್ಷ್ಮೀಪೂಜಿ ದಿವಸ ವಾಡೇದ ಬಾಗಲಕ್ಕ ಚೆಂಡ ಹೂವಿನ ಮಾಲಿ ಬೇಕಲ್ಲ. ಮೂರೂ ಬಾಗದಾಗ ಚೆಂಡ ಹೂವು ಹಚ್ಚತಿರಲಿಲ್ಲ. ಬಡವ್ರ ಹೂವು ಅಂತಿದ್ರು. ಇದ್ದದ್ದ ನಮ್ಮ ಬಾಗದಾಗ. ಆವತ್ತ ಆಯಿಸಾಹೇಬ್ರು ತಾವ ಬರತಿದ್ರು." ಆಯಿಸಾಹೇಬ ಅಂದರೆ ವೈನಿಸಾಹೇಬರ ಅತ್ತೆ, ತೀರಿಕೊಂಡು ಬಹಳ ವರ್ಷವಾಯಿತು. "ಬಂದು ಬದುವಿನ ಆಚಿಗೆ ನಿಲ್ಲತಿದ್ರು. ಒಳಗ ಕಾಲ ಇಡತಿರಲಿಲ್ಲ. ಸೆರಗಿನ ಉಡಿ ಒಡ್ಡಿ, 'ಗೌರವ್ವಾ, ನಿಮ್ಮ ಬಾಗದ ಹೂವು ಕೊಡ್ರಿ' ಅಂತಿದ್ರು. ನಾವು ಆರೂ ಮಂದಿ ಒಂದೊಂದ ಬೊಗಸಿ ಹಾಕತಿದ್ವಿ. ವರ್ಷತುಂಬ ನಾವು ಕೈ ಒಡ್ಡತಿದ್ವಿ, ಒಂದ ದಿವಸ ವಾಡೆ ಉಡಿ ಒಡ್ಡತಿತ್ತು. ಆ ದಿವಸದ ಸಲುವಾಗಿ ನಾ ವರ್ಷಪೂರ್ತಿ ಕೊಡ ಹೊತ್ತೀನಿ, ತಿಳೀತ? ಈಗ ಅಳೂ ಅಂತ ಬರದೀರಿ. ಆಯಿಸಾಹೇಬ್ರು ಯಾರ ಮುಂದ ಉಡಿ ಒಡ್ಡಿದ್ರಲೇ? ಎಲಿ ಮುಂದ?"

ನಾನು ಟರ್ಪೆಂಟೈನ್ ತೆಗೆದುಕೊಂಡು ಅಲ್ಲೇ ಆ ಹಸಿ ಅಕ್ಷರಗಳನ್ನು ಒರೆಸಿ ಹಾಕಿದೆ.

ಮರುದಿನ ವಾಡೆಗೆ ಹೋದೆ. ಇದು ಬರೀ ಅಕ್ಷರದ ತಪ್ಪು, ಹೇಳಿದರೆ ಮುಗಿಯುತ್ತದೆ ಅಂದುಕೊಂಡಿದ್ದೆ. ವೈನಿಸಾಹೇಬರು ಶಾಂತವಾಗಿ ಕೇಳಿಸಿಕೊಂಡರು, ಕಾರಭಾರಿಯ ವಹಿ ತರಿಸಿದರು.

"ಬಘಾ, ನೋಡ್ರಿ, ಆಳೂಚಿ ಬಾಗ ಅಂತ ಐತಲ್ಲ. ಕಾಗದಪತ್ರದಾಗ ಇದ್ದದ್ದ ನಾವು ಬರದೀವಿ."

"ವೈನಿಸಾಹೇಬ್ರ, ಅಳೂದ ಭಾಜಿಗೆ ನೀವು ಮರಾಠಿಯೊಳಗ ಏನಂತೀರಿ?"

"ಅಳವಾಚಿ ಭಾಜಿ."

"ಕಾರಭಾರಿಗೆ ಮರಾಠಿ ಬರತಿತ್ತೋ ಇಲ್ಲೋ? ಎಲಿ ಬಗ್ಗೆ ಬರದಿದ್ರ ಅಳವಾಚಿ ಬಾಗ ಅಂತ ಬರೀತಿದ್ದ. ಆಳೂಚಿ ಅಂತ ಯಾಕ ಬರದ? ಆಳು ನಮ್ಮ ಕನ್ನಡ ಮಾತು. ಕೊನೀ 'ಚಿ' ಅಷ್ಟ ನಿಮ್ಮದು."

ಅವರು ಹಣೆ ಗಂಟಿಕ್ಕಿ ಎರಡು ಸಲ ಓದಿದರು. ನನ್ನ ಮಾತು ನಾಟಿತ್ತು, ಅದು ಮುಖದ ಮೇಲೆ ಕಾಣುತ್ತಿತ್ತು. ಅಷ್ಟಕ್ಕೇ ನಾನು ಸುಮ್ಮನಿದ್ದರೆ ಅಂದೇ ಗೆದ್ದು ಬರುತ್ತಿದ್ದೆನೋ ಏನೋ. ಆದರೆ ಹುರುಪಿನಲ್ಲಿ ಉಡಿಯ ಸಂಗತಿಯನ್ನೂ ಹೇಳಿಬಿಟ್ಟೆ. ವೈನಿಸಾಹೇಬರು ವಹಿ ಮುಚ್ಚಿದರು.

"ಆಯಿಸಾಹೇಬ ಉಡಿ ಒಡ್ಡಿದ್ರು? ಕೂಲಿ ಹೆಂಗಸ್ರ ಮುಂದ? ಶಕ್ಯಚ ನಾಹೀ, ಪೇಂಟರ್. ಸತ್ತವರ ಹೆಸರಿನ ಮ್ಯಾಲ ಇಂಥಾ ಮಾತ ಬ್ಯಾಡ. ಹಳೇ ಬರಹದಾಗ ತಪ್ಪ ಇರತಾವ. ಬೋರ್ಡ ನಾ ಹೇಳಿದ್ದ ಬರೀರಿ."

ಅಲ್ಲಿಗೆ ಅದು ಅಕ್ಷರದ ತಪ್ಪಾಗಿ ಉಳಿಯಲಿಲ್ಲ. ನಾನು ಉಳಿದ ಬೋರ್ಡುಗಳನ್ನೆಲ್ಲ ಬರೆದೆ, ಅದೊಂದನ್ನು ಖಾಲಿ ಬಿಟ್ಟೆ. ಕೇಳಿದಾಗಲೆಲ್ಲ ಪ್ರೈಮರು ಆರಿಲ್ಲ ಅನ್ನುತ್ತಿದ್ದೆ. ಮೂರು ತಿಂಗಳು ಆರದ ಪ್ರೈಮರನ್ನು ಜಗತ್ತಿನಲ್ಲಿ ಯಾರೂ ನೋಡಿರಲಿಕ್ಕಿಲ್ಲ.

ಆ ದೀಪಾವಳಿಗೆ ವಾಡೆಯ ಬಾಗಿಲಿಗೆ ಕೊಲ್ಲಾಪುರದಿಂದ ಹೂ ಬಂದವು. ಅವ್ವ ಮನೆಯ ಕಟ್ಟೆಯ ಮೇಲೆ ಕುಳಿತು ಆ ಗಾಡಿ ಹೋಗುವುದನ್ನು ನೋಡಿದಳು.

ಆಮೇಲೆ ಚಳಿ ಬಿದ್ದಿತು. ಕಬ್ಬಿನ ಟ್ರ್ಯಾಕ್ಟರುಗಳು ರಸ್ತೆ ತುಂಬ ಹೊರಟವು, ಹೊಲಗಳಲ್ಲಿ ಕಬ್ಬಿನ ಒಣ ಗರಿ, ರವದಿ, ಸುಡುವ ಹೊಗೆ ಬೆಳಗಿನ ಮಂಜಿನ ಜೊತೆ ಕೆಳಗೇ ನಿಲ್ಲುತ್ತಿತ್ತು. ಚಳಿ ಬಾಗದಲ್ಲಿ ಶೇವಂತಿ ಮೊಗ್ಗು ಹಿಡಿಯಿತು. ಬಾಗ ಮಾಡಲು ಪುಣೆಯಿಂದ ಬಂದಿದ್ದ ಸಾಹೇಬನೊಬ್ಬ ಇದ್ದ, ಗಿಡಗಳ ಶಾಸ್ತ್ರ ಓದಿದವನು, ಕೆಲಸ ಬಲ್ಲವನು. ಶೇವಂತಿ ನೋಡಿದರೆ ಅವನ ಕೈಗುಣ ಮೆಚ್ಚಬೇಕು. ಆದರೆ ವಹಿ ನಂಬಿ ಮೂಲೆಯಲ್ಲಿ ಹಚ್ಚಿದ ಅಳೂ ಮಾತ್ರ ಅವನ ಮಾತು ಕೇಳಲಿಲ್ಲ. ಡ್ರಿಪ್ ಹಾಕಿದ, ಗೊಬ್ಬರ ಸುರಿದ, ಸಗಣಿ ನೀರು ಬಿಟ್ಟ. ಎಲೆಯ ಅಂಚು ಸುಟ್ಟು ಹಳದಿಯಾಗಿ ಗಿಡಗಳು ಮಲಗಿದವು. ಕಿತ್ತು ಮತ್ತೆ ಹಚ್ಚಿದ. ಅವೂ ಮಲಗಿದವು. ಈ ಸುದ್ದಿಯನ್ನು ನಾನು ದಿನಾ ಸಂಜೆ ಅವ್ವನಿಗೆ ಹೇಳುತ್ತಿದ್ದೆ, ಅವಳು ಖುಷಿಯಿಂದ ಕೇಳುತ್ತಿದ್ದಳು.

ಒಂದು ದಿನ ಅವಳೇ ಎದ್ದಳು. "ನಡಿ, ನೋಡೋಣು."

ಕೋಲು ಊರಿಕೊಂಡು ಹಿಂದಿನ ಬಾಗಿಲಿನಿಂದ ಒಳಗೆ ಬಂದಳು. ಪುಣೆಯ ಸಾಹೇಬ, ವೈನಿಸಾಹೇಬ ಇಬ್ಬರೂ ಆ ಮೂಲೆಯಲ್ಲೇ ನಿಂತಿದ್ದರು. ವೈನಿಸಾಹೇಬರು ಕುರ್ಚಿ ತರಿಸಿದರು. ಅವ್ವ ಕೂಡಲಿಲ್ಲ. ಮಲಗಿದ ಗಿಡಗಳನ್ನು ನೋಡಿ, "ಆಳು ಮಾಡಿದ್ದು ಹಾಳು ಅಂತಾರ್ರಿ ವೈನಿಸಾಹೇಬ. ಇದನ್ನ ಯಾರ ಮಾಡ್ಯಾರ?" ಅಂದಳು.

ಸಾಹೇಬನಿಗೆ ಕನ್ನಡ ತಿಳಿಯದು. ಅವನು ನಕ್ಕ. ವೈನಿಸಾಹೇಬರು ನಗಲಿಲ್ಲ.

"ಒಂದ ಕೊಡ ನೀರ ಕೊಡ್ರಿ," ಅಂದಳು ಅವ್ವ. ನಾನು ತಂದು ಕೊಟ್ಟೆ. ಅವಳು ಅದನ್ನು ಜಾಗದ ನಟ್ಟನಡುವೆ ಹೊಯ್ದಳು. ನೀರು ಒಂದು ಗಳಿಗೆ ನಿಂತಿತು, ಆಮೇಲೆ ಇಳಿಜಾರು ಹಿಡಿದು ಬದು ದಾಟಿ ಶೇವಂತಿಯ ಕಡೆ ಹೋಯಿತು.

"ನೋಡ್ರಿ. ಈ ಜಾಗಾ ಬಾವಿಕಟ್ಟಿಗಿಂತಾ ಎತ್ತರ. ಕೆಳಗ ಬರೇ ಮುರುಮು ಕಲ್ಲು. ಕಾಲುವಿ ನೀರ ಇಲ್ಲಿಗೆ ಎಂದೂ ಹತ್ತಿಲ್ಲ. ಹತ್ತತಿದ್ರ ನಮಗ ಯಾಕ ಕೊಡತಿದ್ರಿ? ನಿಮಗ ಬ್ಯಾಡಾದ ಜಾಗಾ ಅಂತನ ನಮಗ ಕೊಟ್ರಿ. ನಾವು ತಲಿ ಮ್ಯಾಲ ಕೊಡ ಹೊತ್ತು ಚೆಂಡ ಹೂವು ಎಬ್ಬಿಸಿದ್ವಿ. ಅಳೂಕ ಕಾಲಾಗ ನೀರ ನಿಂದರಬೇಕು. ಇಲ್ಲಿ ಅಳೂ ಹಚ್ಚೂ ಹುಚ್ಚ ಕಾರಭಾರಿ ಆಗಿನ ಕಾಲದಾಗ ಇರಲಿಲ್ರಿ."

ನಾನು ಸಾಹೇಬನಿಗೆ ಮರಾಠಿಯಲ್ಲಿ ಹೇಳಿದೆ. ಅವನು ಬಗ್ಗಿ ಮಣ್ಣು ತಿಕ್ಕಿ ನೋಡಿ, ಅಜ್ಜಿ ಹೇಳುವುದು ಬರೋಬರ್ ಅಂದ. ಪ್ರಾಮಾಣಿಕ ಮನುಷ್ಯ.

ವೈನಿಸಾಹೇಬರು ಬದುವಿನ ಕಡೆ ನೋಡಿದರು. "ಠೀಕ ಆಹೆ," ಅಂದರು. "ಅಳೂ ಇರಲಿಲ್ಲ, ಒಪ್ಪತೀನಿ. ಹಂಗಾದ್ರ ಅಲ್ಲಿ ಹೂವಿನ ಕಮಾನ ಹಾಕಿ ಸೆಲ್ಫಿ ಪಾಯಿಂಟ್ ಮಾಡೋಣ. ಆ ಹಳೇ ಹೆಸರ ಮಾತ್ರ ಬ್ಯಾಡ."

"ಯಾಕ್ರಿ?" ಅಂದೆ.

"ಆಳು ಅಂಬೋ ಶಬ್ದ ಈಗ ಶೋಭಿಸೂದಿಲ್ಲ. ಬಂದವರು ಏನ ತಿಳ್ಕೋತಾರ? ಈ ಮನ್ಯಾಗ ಆಳು ಇಟ್ಟಿದ್ರು ಅಂತ?"

"ಇಟ್ಟಿದ್ರಲ್ರಿ!"

"ನಿಮಗ ಅಪಮಾನ ಆಗಬಾರದು ಅಂತನ ನಾ ಹೇಳಾಕತ್ತೀನಿ, ಪೇಂಟರ್."

ನನಗೆ ರಕ್ತ ನೆತ್ತಿಗೇರಿತು. "ವೈನಿಸಾಹೇಬ್ರ, ನಿಮ್ಮ ಬಾಗಲಾ ಎಷ್ಟ ಎತ್ತರ ಅಂತ ನನ್ನ ಕೈಲೆ ಬರಿಸೀರಿ? ಮೂರು ಆಳೆತ್ತರ. ಬಾಗಲಾ ಅಳಿಯಾಕ ಆಳು ಬೇಕು, ಬಾಗದ ಹೆಸರಿಗೆ ಬ್ಯಾಡ?"

ಅವ್ವ ನನ್ನ ಮುಂದೆ ಕೋಲು ಅಡ್ಡ ಹಿಡಿದಳು. ಅವಳ ದನಿ ಏರಲಿಲ್ಲ.

"ಅಪಮಾನ ನಂದು, ವೈನಿಸಾಹೇಬ. ಅದನ್ನ ನಾ ನೋಡ್ಕೋತೀನಿ. ನೀವು ಹೆಸರ ಕೊಡ್ರಿ."

ವೈನಿಸಾಹೇಬರು ಫೋನು ಬಂದಿದೆ ಎಂದು ಒಳಗೆ ಹೋದರು.

ರಥಸಪ್ತಮಿಯ ದಿನ ವಾಡೆ ತೆರೆಯಿತು. ಅದರ ಹಿಂದಿನ ವಾರ ನಾನು ಆ ಖಾಲಿ ತಗಡಿಗೆ ಬಣ್ಣ ಹಚ್ಚಿದೆ. ಆಳಿನ ಬಾಗ. ಯಾವ ಬೋರ್ಡಿಗೂ ಅಷ್ಟು ಹೊತ್ತು ಕೂತವನಲ್ಲ ನಾನು. ಆ ಳಕಾರದ ಹೊಟ್ಟೆಯನ್ನು ಮೂರು ಸಲ ಒರೆಸಿ ತಿದ್ದಿದೆ. ಮರಾಠಿಯಲ್ಲಿ ಇನ್ನು ಮೇಲೆ ಯಾರೂ ತಪ್ಪು ಓದಬಾರದೆಂದು ಗಡ್ಯಾಂಚಿ ಬಾಗ ಅಂತ ಬರೆದೆ. ಗಡಿ ಅಂದರೆ ಮರಾಠಿಯಲ್ಲಿ ಆಳು. ತೆರೆಯುವ ದಿನ ಮಂಜು ಹರಿಯುವ ಮೊದಲೇ ಹೋಗಿ ಮೂಲೆಯಲ್ಲಿ ನೆಟ್ಟು ಬಂದೆ.

ಹತ್ತು ಗಂಟೆಗೆ ನಿಪ್ಪಾಣಿ, ಮಿರಜ, ಇಚಲಕರಂಜಿ ಕಡೆಯ ಕಾರುಗಳು ಬಂದು ನಿಂತವು. ನಾನು ಅವ್ವನನ್ನು ಕರೆದುಕೊಂಡು ಹೋದೆ. ಅವಳು ಇಳಕಲ್ ಸೀರೆ ಉಟ್ಟಿದ್ದಳು. ಹಿಂದಿನ ಬಾಗಿಲ ಕಡೆ ತಿರುಗಿದೆ, ಅವಳು ತಿರುಗಲಿಲ್ಲ. "ಇವತ್ತ ಮುಂದಿನ ಬಾಗಲಾ," ಅಂದಳು. ಅಷ್ಟು ವರ್ಷ ಆ ಮನೆಗೆ ದುಡಿದವಳು ಆ ಬಾಗಿಲನ್ನು ದಾಟಿದ್ದು ಅದೇ ಮೊದಲು.

ಮೂಲೆಗೆ ಬಂದು ನೋಡಿದರೆ ನನ್ನ ಬೋರ್ಡು ಇರಲಿಲ್ಲ. ಪ್ಲಾಸ್ಟಿಕ್ ಹೂವಿನ ಕಮಾನು ನಿಂತಿತ್ತು, ಮೇಲೆ ಸೆಲ್ಫಿ ಪಾಯಿಂಟ್ ಅಂತ ಫ್ಲೆಕ್ಸ್. ಫ್ಲೆಕ್ಸ್ ನಕೋ ಅಂದವರೇ ಹಾಕಿಸಿದ ಫ್ಲೆಕ್ಸ್. ತಗಡನ್ನು ಗೋಡೆಗೆ ಬೆನ್ನುಮಾಡಿ ಇಟ್ಟಿದ್ದರು. ನನ್ನ ಕಣ್ಣಲ್ಲಿ ನೀರು ಬಂತು, ಸುಳ್ಳು ಯಾಕೆ ಹೇಳಲಿ.

ಅವ್ವನ ಕಣ್ಣಲ್ಲಿ ಬರಲಿಲ್ಲ. ಕಮಾನಿನ ಮುಂದೆ ಕೋಲು ಊರಿ ನಿಂತಳು. ಫೋನು ಹಿಡಿದು ಬಂದವರಿಗೆಲ್ಲ ಹೇಳತೊಡಗಿದಳು. "ಬರ್ರಿ, ಇದು ಆಳಿನ ಬಾಗ. ಯಾ, ಯಾ, ಹೀ ಗಡ್ಯಾಂಚಿ ಬಾಗ. ನಾವು ಆರು ಮಂದಿ ಮಾಡಿದ್ದು." ಆಮೇಲೆ ಆರೂ ಹೆಂಗಸರ ಹೆಸರು. ಕೆಲವರು ನಕ್ಕು ಹೋದರು. ಕೆಲವರು ನಿಂತು ಕೇಳಿದರು, ಬದು ಎಲ್ಲಿತ್ತು, ನೀರು ಎಲ್ಲಿಂದ ಹೊತ್ತಿರಿ ಅಂತ ವಿಚಾರಿಸಿದರು. ಮಿರಜದ ಒಬ್ಬ ಹೆಂಗಸು ಅವಳ ಕೈ ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲ.

ವಾಚಮನ್ ಬಂದ. "ಆಯಿ, ಹೊರಗ ನಡೀರಿ. ಮಂದಿಗೆ ತ್ರಾಸ ಆಗತೈತಿ."

"ಯಾರ ಬಾಗದಾಗಿಂದ ಯಾರನ್ನ ಹೊರಗ ಹಾಕತಿ?" ಅಂದಳು ಅವ್ವ.

ಅವನು ವೈನಿಸಾಹೇಬರ ಕಡೆ ನೋಡಿದ. ಅವರು ಶೇವಂತಿಯ ಸಾಲಿನಲ್ಲಿ ಅತಿಥಿಗಳ ಜೊತೆ ನಿಂತಿದ್ದರು. ಎಲ್ಲ ಕೇಳಿಸುವಷ್ಟು ಹತ್ತಿರ. ಅವ್ವನನ್ನು ನೋಡಿದರು, ಆಮೇಲೆ ಮುಖ ತಿರುಗಿಸಿ ಅತಿಥಿಗಳನ್ನು ಕರೆದುಕೊಂಡು ಆಚೆ ಹೋದರು. ಹೊರಗೆ ಹಾಕು ಅನ್ನಲಿಲ್ಲ. ಬೋರ್ಡು ಹಾಕು ಅಂತಲೂ ಅನ್ನಲಿಲ್ಲ. ಅವ್ವ ಸಂಜೆ ಗೇಟು ಮುಚ್ಚುವ ತನಕ ನಿಂತಿದ್ದಳು. ಮನೆಗೆ ಬಂದ ಮೇಲೆ ಮೂರು ದಿನ ಕಾಲು ಬಾತುಕೊಂಡು ಮಲಗಿದಳು, ಚಿಕ್ಕೋಡಿಯಿಂದ ಬಂದ ಸುವರ್ಣಾ ಎಣ್ಣೆ ತಿಕ್ಕಿದಳು. "ಇಷ್ಟೆಲ್ಲ ಮಾಡಿ ಏನ ಸಿಕ್ತ್ರೀ ಅತ್ತಿ?" ಅಂದಳು ಸುವರ್ಣಾ. "ನಿಂತೀನಲ್ಲ," ಅಂದಳು ಅವ್ವ.

ಸೆಲ್ಫಿ ಪಾಯಿಂಟ್ ಇಂದಿಗೂ ಹಾಗೆಯೇ ಇದೆ. ಒಳಗೆ ನಾವು ಗೆಲ್ಲಲಿಲ್ಲ, ಇದನ್ನು ಸ್ಪಷ್ಟ ಹೇಳಿಬಿಡುತ್ತೇನೆ. ಆದರೆ ವಾಡೆ ನೋಡಲು ಜನ ಬರತೊಡಗಿದ ಮೇಲೆ ರಸ್ತೆಯಲ್ಲಿ ಬಸ್ಸು ನಿಲ್ಲತೊಡಗಿತು. ಪಂಚಾಯತಿಯವರು ಸಿಮೆಂಟಿನ ತಂಗುದಾಣ ಕಟ್ಟಿಸಿ, ಹೆಸರು ಬರೆಯಲು ನನ್ನನ್ನು ಕರೆಸಿದರು. ಆಗಿನ ಅಧ್ಯಕ್ಷೆ ಆ ಆರು ಮನೆಗಳಲ್ಲಿ ಒಂದರ ಸೊಸೆ.

"ಏನ ಬರೀಲಿ ತಂಗೆವ್ವಾ? ವಾಡೆ ಅಂತ ಬರೀಲಿ?"

"ನಮ್ಮತ್ತಿ ಜೀವ ಹೋಗೂತನಕ ಯಾವ ಹೆಸರ ಹೇಳತಿದ್ಲು ಅದನ್ನ ಬರೀರಿ, ಮಾಮಾ," ಅಂದಳು.

ತಗಡಾದರೆ ಕಿತ್ತುಹಾಕುತ್ತಾರೆ. ಗೋಡೆಯ ಮೇಲೆಯೇ ಬರೆದೆ, ಒಂದೊಂದು ಅಕ್ಷರ ಎರಡು ಅಡಿ. ಗಡ್ಯಾಂಚಿ ಅಂತ ಮರಾಠಿಯಲ್ಲೂ ಬರೆದೆ. "ಗಡಿ ಬಾಗ ಅಂತ ಓದಿ ಎರಡೂ ರಾಜ್ಯದವ್ರು ನಮಗ ಬೇಕು ಅಂತ ಬಂದ್ರ?" ಅಂತ ಸುವರ್ಣಾ ಚಾಷ್ಟಿ ಮಾಡಿದಳು. ಬರಲಿ ಅಂದೆ, ಅವ್ವ ಇನ್ನೂ ಗಟ್ಟಿಯಾಗಿದ್ದಾಳೆ.

ಹೋದ ಕಾರ್ತಿಕದಲ್ಲಿ ಅವ್ವ ಕಣ್ಣಿನ ಆಪರೇಷನ್ ಆಗಿ ಚಿಕ್ಕೋಡಿಯ ನನ್ನ ಮನೆಯಲ್ಲಿದ್ದಳು. ಹೊಸ ಕಣ್ಣಿನಿಂದ ಶೇವಂತಿ ನೋಡಬೇಕೆಂದು ಹಟ ಹಿಡಿದಳು. ಬಸ್ಸು ಹತ್ತಿದೆವು. ಮುಂದೆ ಕಬ್ಬಿನ ಟ್ರ್ಯಾಕ್ಟರು, ಬಸ್ಸು ಅದರ ಹಿಂದೆ ತೆವಳುತ್ತಿತ್ತು. ಕಂಡಕ್ಟರ್ ವಿಜಯಪುರ ಕಡೆಯ ಹೊಸ ಹುಡುಗ. ಅವನಿಗೆ ವಾಡೆಯೂ ಗೊತ್ತಿಲ್ಲ, ನಾವೂ ಗೊತ್ತಿಲ್ಲ. ಸ್ಟಾಪು ಬಂದ ಕೂಡಲೇ ಸೀಟಿ ಊದಿ ಒದರಿದ.

"ಆಳಿನ ಬಾಗ! ಯಾರ್ರಿ ಆಳಿನ ಬಾಗ? ಲಗೂ ಇಳೀರಿ!"

ಅವ್ವ ಸೀಟಿನಿಂದ ಎದ್ದವಳು ಕಂಬಿ ಹಿಡಿದು ಅಲ್ಲೇ ನಿಂತಳು.

"ತಮ್ಮಾ, ಇನ್ನೊಮ್ಮೆ ಒದರು."

"ಯಾಕ ಆಯಿ, ಕೇಳಸಲಿಲ್ಲೇನು?"

"ಕೇಳಸ್ತೋ. ಅದಕ್ಕ ಅನ್ನಾಕತ್ತೀನಿ. ಇನ್ನೊಮ್ಮೆ ಒದರು."

ಅವನು ನನ್ನ ಮುಖ ನೋಡಿದ. ಹಿಂದಿನ ಸೀಟಿನವರೆಗೂ ಕೇಳುವ ಹಾಗೆ ಅವನು ಮತ್ತೊಮ್ಮೆ ಒದರಿದ. ಆಮೇಲೆ ಅವ್ವ ಇಳಿದಳು.